ಎರಚಲು ಹೊಡೆಯುವ ಗೋಡೆಗೆ ಏನು ಹೊದಿಸಬೇಕು?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮ ಮನೆ. ಕಟ್ಟಿ ಒಂಬತ್ತು ವರ್ಷವಾಯಿತು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್, ಹೆಂಚಿನ ಮಾಡು, ಸೂರು ಎರಡು ಅಡಿ ಚಾಚಿದೆ. ಪಶ್ಚಿಮದ ಗೋಡೆ 30 ಅಡಿ ಉದ್ದ, 11 ಅಡಿ ಎತ್ತರ. ನಾಲ್ಕಡಿ ಚದರದ ಎರಡು ಕಿಟಕಿ ಇವೆ. ಜುಲೈ ಹೊತ್ತಿಗೆ ಒಳಗಿನ ಗೋಡೆ ಹಸಿಯಾಗಿ ಬೂಸ್ಟು ಹಿಡಿಯುತ್ತದೆ. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು, ಎರಡೂ ಸಲ ಗುಳ್ಳೆ ಎದ್ದು ಸುಲಿಯಿತು. ವರ್ಷಾ ವರ್ಷ ತಟ್ಟಿ ಕಟ್ಟಲು ಆಳು ಸಿಗುವುದಿಲ್ಲ. ಈಗ ಒಬ್ಬರು ಎಸಿಪಿ (ಪ್ಲಾಸ್ಟಿಕ್ ತಿರುಳಿನ ಅಲ್ಯೂಮಿನಿಯಂ ಶೀಟು) ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಕಲಸಿದ ಪಟ್ಟಿ), ಮತ್ತೊಬ್ಬರು ಕಲರ್ ಶೀಟ್ (ಬಣ್ಣ ಬಳಿದ ತಗಡು). ಯಾವುದು ಸರಿ? ನಾಲ್ಕೂ ಗೋಡೆಗೆ ಹಾಕಿಸಬೇಕೇ?

ಉತ್ತರ: ನಾಲ್ಕೂ ಗೋಡೆಗೆ ಬೇಡ. ಮುಂಗಾರಿನ ಗಾಳಿ ಬರುವುದು ಪಶ್ಚಿಮ ಮತ್ತು ನೈಋತ್ಯದಿಂದ. ಪಶ್ಚಿಮದ ಗೋಡೆಗೆ ಪೂರ್ತಿ ಹೊದಿಸಿ, ನೈಋತ್ಯದ ಮೂಲೆ ತಿರುಗಿಸಿಕೊಂಡು ದಕ್ಷಿಣದ ಗೋಡೆಗೆ ಆರೇಳು ಅಡಿ ಮುಂದುವರಿಸಿದರೆ ಸಾಕು. ಉಳಿದ ಗೋಡೆಗಳಿಗೆ ಸಾಧಾರಣ ಹೊರಾಂಗಣ ಎಮಲ್ಷನ್ ಸಾಲುತ್ತದೆ. ಹೊದಿಕೆಗೆ ನಮ್ಮ ಮೊದಲ ಆಯ್ಕೆ 8 ಮಿ.ಮೀ. ದಪ್ಪದ ಫೈಬರ್ ಸಿಮೆಂಟ್ ಹಲಗೆ. ದುಡ್ಡು ಬಿಗಿ ಇದ್ದರೆ ಕಲರ್ ಶೀಟ್. ಎಸಿಪಿ ಬೇಡ. ಡಬ್ಲ್ಯುಪಿಸಿ ಬಗ್ಗೆ ಮುಂದೆ ಹೇಳುತ್ತೇವೆ. ಆದರೆ ಯಾವುದನ್ನೇ ಹಾಕಿ, ಅದು ಗೋಡೆಗೆ ಅಂಟಿಕೊಂಡಿರಬಾರದು; ಒಂದು ಇಂಚು ದೂರ ನಿಲ್ಲಬೇಕು. ಈ ಸಂದಿ ಇಲ್ಲದಿದ್ದರೆ ಎಷ್ಟು ದುಬಾರಿ ಸಾಮಾನು ತಂದರೂ ಮೂರನೇ ಮಳೆಗಾಲಕ್ಕೆ ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

ಪೇಂಟ್ ಯಾಕೆ ಸುಲಿಯಿತು ಎಂಬುದರಲ್ಲೇ ಇದಕ್ಕೆ ಕಾರಣ ಇದೆ. ಜಂಬಿಟ್ಟಿಗೆ ಕಲ್ಲಿನ ತುಂಬ ಒಂದಕ್ಕೊಂದು ಕೂಡಿದ ಸಣ್ಣ ತೂತುಗಳು. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನಿಮ್ಮ ಊರಿನಲ್ಲಿ ಅಷ್ಟು ಇಲ್ಲದಿದ್ದರೂ ವಾರಗಟ್ಟಲೆ ಒಣಗಲು ಬಿಡುವಿಲ್ಲದಷ್ಟು ಮಳೆ ಇದ್ದೇ ಇದೆ. ಪ್ಲಾಸ್ಟರಿನ ಕೂದಲೆಳೆಯಂಥ ಬಿರುಕು, ಕಿಟಕಿ ಚೌಕಟ್ಟಿನ ಅಂಚು, ಹೆಂಚಿನ ಕೆಳಗಿನ ಗೋಡೆತಲೆ ಹೀಗೆ ಹಲವು ದಾರಿಯಲ್ಲಿ ನೀರು ಕಲ್ಲಿಗೆ ಇಳಿಯುತ್ತದೆ. ಒಳಗೆ ಹೋದ ನೀರು ಆವಿಯಾಗಿ ಹೊರಗೆ ಬರಬೇಕಲ್ಲ, ಆ ದಾರಿಗೆ ನೀವು ರಬ್ಬರಿನಂಥ ಪದರ ಬಳಿದಿದ್ದೀರಿ. ಮಳೆ ನಿಂತು ಬಿಸಿಲು ಬಿದ್ದಾಗ ಆವಿ ಆ ಪದರವನ್ನು ಹಿಂದಿನಿಂದ ತಳ್ಳುತ್ತದೆ, ಗುಳ್ಳೆ ಏಳುತ್ತದೆ. ಹೊರಗೆ ದಾರಿ ಸಿಗದ ತೇವ ಒಳಕ್ಕೆ ಬಂದು ಬೂಸ್ಟಾಗುತ್ತದೆ. ಮೊದಲ ಕೋಟ್ ಸರಿಯಾಗಿ ಹೊಡೆದಿಲ್ಲ, ಇನ್ನೂ ದಪ್ಪ ಹೊಡೆಯೋಣ ಎಂದು ಹೇಳುವವರ ಮಾತು ಕೇಳಬೇಡಿ. ದಪ್ಪ ಮಾಡಿದಷ್ಟೂ ಒಣಗುವುದು ನಿಧಾನ.

ಮಲೆನಾಡಿನ ಹಳೆಯ ಜಡಿತಟ್ಟಿ ಮಾಡುತ್ತಿದ್ದದ್ದು ಬೇರೆಯೇ ಕೆಲಸ. ಸೋಗೆಯೋ ತೆಂಗಿನ ಗರಿಯೋ, ಅಡಿಕೆ ದಬ್ಬೆಗೆ ಕಟ್ಟಿ ಗೋಡೆಯ ಮುಂದೆ ನಿಲ್ಲಿಸುತ್ತಿದ್ದರು. ಎರಚಲಿನ ಹೊಡೆತ ತಟ್ಟಿಗೆ; ಅದನ್ನು ದಾಟಿ ಬಂದ ನಾಲ್ಕು ಹನಿ ಹಿಂಬದಿಯಲ್ಲೇ ಇಳಿದುಹೋಗುತ್ತಿತ್ತು; ಗಾಳಿ ಆಡುತ್ತಿದ್ದುದರಿಂದ ಗೋಡೆ ಒಣಗಿಕೊಳ್ಳುತ್ತಿತ್ತು. ಕೆನಡಾದ ವ್ಯಾಂಕೂವರ್ ಸುತ್ತಮುತ್ತ 1980–90ರ ದಶಕಗಳಲ್ಲಿ ಇದನ್ನು ಮರೆತು ಸಾವಿರಾರು ಫ್ಲ್ಯಾಟುಗಳನ್ನು ಕಟ್ಟಿದರು: ಬಿಸಿಲುನಾಡಿನ ಮಾದರಿಯ ಮೋಟು ಸೂರು, ಸಂದಿಯಿಲ್ಲದೆ ನೇರ ಗೋಡೆಗೆ ಮೆತ್ತಿದ ಗಾರೆ. ಒಳಸೇರಿದ ನೀರಿಗೆ ಹೊರದಾರಿ ಇಲ್ಲದೆ ಒಳಗಿನ ಮರದ ಚೌಕಟ್ಟೇ ಕೊಳೆಯಿತು. ವಿಚಾರಣೆಗೆ 1998ರಲ್ಲಿ ಬ್ಯಾರೆಟ್ ಆಯೋಗ ನೇಮಿಸಬೇಕಾಯಿತು. ನಿಮ್ಮದು ಕಲ್ಲಿನ ಗೋಡೆ, ಕೊಳೆಯುವುದಿಲ್ಲ. ಆದರೆ ನೀರಿನ ವರ್ತನೆ ಎಲ್ಲ ಊರಿನಲ್ಲೂ ಒಂದೇ.

ಖರ್ಚಿಗೆ ಮುಂಚೆ ನೋಡಬೇಕಾದ್ದು

ತೇವ ನಿಜವಾಗಿ ಎರಚಲಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ನೆಲದಿಂದ ಮೂರಡಿಯೊಳಗೆ ಮಾತ್ರ ಹಸಿ ಇದ್ದು, ಬೇಸಿಗೆಯಲ್ಲೂ ಉಪ್ಪಿನ ಪುಡಿಯಂಥದ್ದು ಉದುರುತ್ತಿದ್ದರೆ ಅದು ಪಂಚಾಂಗದಿಂದ, ಅಂದರೆ ತಳಪಾಯದಿಂದ, ಮೇಲೇರುವ ತೇವ. ಹೊದಿಕೆ ಅದನ್ನು ನಿಲ್ಲಿಸುವುದಿಲ್ಲ. ಕಿಟಕಿಯ ಕೆಳಮೂಲೆಯಿಂದ ಮೀಸೆಯಂತೆ ಇಳಿದ ಕಲೆ ಇದ್ದರೆ ತಪ್ಪು ಕಿಟಕಿ ಹಾಸಿನದ್ದು. ಗೋಡೆಯ ತಲೆಯಿಂದ ಇಳಿದಿದ್ದರೆ ಹೆಂಚು ಸರಿದಿದೆ, ಇಲ್ಲವೇ ಸೂರಿನ ಬಳಿ ಹೆಂಚು ಒಡೆದಿದೆ. ಗಾಳಿಮಳೆಯಾದ ಎರಡು ಮೂರು ದಿನಕ್ಕೆ ಗೋಡೆಯ ನಡುಭಾಗದಲ್ಲಿ ದೊಡ್ಡ ತೇಪೆಯಾಗಿ ಕಾಣಿಸಿಕೊಂಡರೆ ಅದು ಎರಚಲು. ಅನುಮಾನ ಇದ್ದರೆ ಫೆಬ್ರವರಿಯಲ್ಲಿ ಪೈಪು ಹಿಡಿದು ಪರೀಕ್ಷಿಸಬಹುದು. ಕೆಳಗಿನಿಂದ ಶುರುಮಾಡಿ ಒಂದೊಂದು ಮಟ್ಟಕ್ಕೆ ಇಪ್ಪತ್ತು ನಿಮಿಷ ನೀರು ಬಿಡಿ, ಒಳಗೆ ಒಬ್ಬರು ನಿಂತು ನೋಡಲಿ. ಮೇಲಿನಿಂದ ಶುರುಮಾಡಿದರೆ ಇಳಿದ ನೀರು ಎಲ್ಲ ಕಡೆಯೂ ಹಬ್ಬಿ ಯಾವ ತೂತಿನದ್ದು ಎಂದು ಗೊತ್ತಾಗುವುದಿಲ್ಲ.

ಇನ್ನು ಸೂರು. ಮಳೆ 45 ಡಿಗ್ರಿ ಓರೆಯಾಗಿ ಬಂದರೆ ಸೂರು ಎಷ್ಟು ಅಡಿ ಚಾಚಿದೆಯೋ ಗೋಡೆಯ ಅಷ್ಟೇ ಅಡಿ ಮರೆಯಾಗುತ್ತದೆ. ನಿಮ್ಮ ಎರಡಡಿ ಸೂರು ಮೇಲಿನ ಎರಡಡಿ ಕಾಯುತ್ತದೆ, ಒಂಬತ್ತಡಿ ಮಳೆಗೆ ಬಿಟ್ಟಂತೆ. ಸೂರನ್ನು ನಾಲ್ಕಡಿಗೆ ಎಳೆದರೂ ಏಳಡಿ ಉಳಿಯುತ್ತದೆ. ಆದರೆ ಪಶ್ಚಿಮದಲ್ಲಿ ಆರಡಿ ಜಾಗ ಇದ್ದರೆ, ಎಂಟಡಿ ಎತ್ತರದಲ್ಲಿ ಒಂದು ಇಳಿಮಾಡು ಕೊಟ್ಟುಬಿಡಿ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಅದೇ ಲೆಕ್ಕದಲ್ಲಿ ಗೋಡೆಯ ಬುಡದ ಎರಡಡಿ, ಮೇಲೆ ಒಂದಡಿ ಬಿಟ್ಟರೆ ಉಳಿದದ್ದು ಒದ್ದೆಯೇ ಆಗದು. ಸೌದೆ ಒಟ್ಟಲು ಜಾಗವೂ ಆಯಿತು. ಒಳಗೆ ಕತ್ತಲಾಗುವುದು ಅದರ ತೊಂದರೆ, ಆ ಕೋಣೆಗೆ ಬೇರೆ ಕಿಟಕಿ ಇಲ್ಲದಿದ್ದರೆ ಯೋಚಿಸಿ. ಜಾಗವಿಲ್ಲ, ಬೆಳಕು ಬೇಕು ಅನ್ನುವವರಿಗೆ ಮುಂದಿನ ಮಾತು.

ಸಾಮಾನುಗಳ ಗುಣ, ಅವಗುಣ

ಎಸಿಪಿ ಅಂದರೆ ಎರಡು ತೆಳ್ಳನೆಯ ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್. ಅಂಗಡಿಗಳ ಮುಖಕ್ಕೆ ಹಾಕುವ ಅಗ್ಗದ ಶೀಟಿನ ಒಳತಿರುಳು ಪಾಲಿಥಿಲೀನ್, ಅದಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಬೆಂಕಿ ಹೊರಗೋಡೆ ಹಿಡಿದು ಏರಿದ್ದು ಇಂಥ ಹೊದಿಕೆಯ ಮೂಲಕ. 72 ಜನ ಸತ್ತರು. ನಿಮ್ಮದು ಒಂದೇ ಅಂತಸ್ತು, ನಿಜ. ಆದರೆ ಮಲೆನಾಡಿನ ಮನೆಯಲ್ಲಿ ಬಚ್ಚಲ ಒಲೆಯ ಹೊಗೆಕೊಳವೆ ಹೆಚ್ಚಾಗಿ ಹೊರಗೋಡೆಯಿಂದಲೇ ಹೊರಬರುತ್ತದೆ. ಆ ಗೋಡೆಯ ಮೇಲೆ ಪ್ಲಾಸ್ಟಿಕ್ ತಿರುಳಿನ ಹೊದಿಕೆ, ಹಿಂದೆ ಗಾಳಿ ಆಡುವ ಸಂದಿ ಎರಡೂ ಸೇರುವುದು ಒಳ್ಳೆಯದಲ್ಲ. ಬೆಂಕಿನಿರೋಧಕ ದರ್ಜೆಯ ಎಸಿಪಿ ಸಿಗುತ್ತದೆ. ಅದರ ಬೆಲೆಗೆ ಇದಕ್ಕಿಂತ ಒಳ್ಳೆಯದು ಬರುತ್ತದೆ. ಜೊತೆಗೆ ಎಸಿಪಿಯ ಸಂದುಗಳೆಲ್ಲ ನಿಂತಿರುವುದು ಸಿಲಿಕಾನಿನ ಮೇಲೆ. ಸಿಲಿಕಾನ್ ಬಿಟ್ಟುಕೊಂಡ ದಿನ ನೀರು ಒಳಗೆ.

ಡಬ್ಲ್ಯುಪಿಸಿ ಮರದ ಪುಡಿ ಮತ್ತು ಪ್ಲಾಸ್ಟಿಕ್ ಕಲಸಿ ಎಳೆದ ಪಟ್ಟಿ. ಇಂಟೀರಿಯರ್ ಅಂಗಡಿಯಲ್ಲಿ ಟಿವಿ ಹಿಂದಿನ ಗೋಡೆಗೆ ಎಂದು ಮಾರುವ ಗೆರೆಗೆರೆ ಲೌವರ್‌ಗಳನ್ನು ಹೊರಗೆ ಹಾಕಿಸಿ ಮೋಸ ಹೋದವರು ಬಹಳ. ಪಶ್ಚಿಮದ ಬಿಸಿಲಿಗೆ ಬಣ್ಣ ಹೋಗುತ್ತದೆ, ಪಟ್ಟಿ ಸೊಟ್ಟಗಾಗುತ್ತದೆ. ಹೊರಾಂಗಣಕ್ಕೆಂದೇ ಮೇಲೆ ರಕ್ಷಾಪದರ ಇಟ್ಟು ತಯಾರಿಸಿದ ಡಬ್ಲ್ಯುಪಿಸಿ ಬೇರೆ, ಅದು ಬಾಳುತ್ತದೆ. ಆದರೆ ದುಬಾರಿ, ಮತ್ತು ಹಿಗ್ಗಲು ಜಾಗ ಬಿಟ್ಟು ಕೂರಿಸುವ ಕೈ ಬೇಕು. ಅಮೆರಿಕದಲ್ಲಿ ಮಕ್ಕಳ ಮನೆ ನೋಡಿ ಬಂದವರು ಅಲ್ಲಿ ಎಲ್ಲರೂ ವಿನೈಲ್ (ಪಿವಿಸಿ ಪಟ್ಟಿ) ಹಾಕಿದ್ದಾರಲ್ಲ ಅನ್ನುವುದುಂಟು. ಅಲ್ಲಿ ಅದನ್ನು ಮೊಳೆ ಹೊಡೆದು ಬಿಗಿಯುವುದಿಲ್ಲ, ಉದ್ದ ತೂತಿನ ನಡುವೆ ಮೊಳೆ ಇಟ್ಟು, ತಲೆಯ ಕೆಳಗೆ ಸುಮಾರು ಒಂದು ಮಿ.ಮೀ. ಸಡಿಲ ಬಿಟ್ಟು ತೂಗುಹಾಕುತ್ತಾರೆ. ಮೂರು ಮೀಟರ್ ಪಿವಿಸಿ ಪಟ್ಟಿ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಐದಾರು ಮಿ.ಮೀ. ಹಿಗ್ಗಬಲ್ಲದು. ಅದರ ಹಿಂದೆ ನೀರು ತಡೆಯುವ ಇನ್ನೊಂದು ಪದರವೂ ಇರುತ್ತದೆ. ನಮ್ಮಲ್ಲಿ ಎರಡೂ ಮಾಡದೆ ಬಿಗಿಯಾಗಿ ಸ್ಕ್ರೂ ಹೊಡೆದು, ಉಬ್ಬಿದ ಮೇಲೆ ಕಂಪನಿಯನ್ನು ಬೈಯುತ್ತಾರೆ.

ಕಲರ್ ಶೀಟ್ ನೋಡಲು ಗೋದಾಮಿನಂತೆ ಕಾಣುತ್ತದೆ ಎಂಬ ದೂರು ಬಿಟ್ಟರೆ ಕೆಲಸಕ್ಕೆ ಗಟ್ಟಿ. ಲೇಪನ ಸೇರಿ 0.5 ಮಿ.ಮೀ. ದಪ್ಪ, ಅಲ್ಯೂಮಿನಿಯಂ–ಸತು ಲೇಪನ ಎರಡೂ ಮುಖ ಸೇರಿ ಚದರ ಮೀಟರಿಗೆ 150 ಗ್ರಾಂ ಇರುವುದನ್ನೇ ಕೇಳಿ. ಅಂಗಡಿಯವರು ಇದನ್ನು ಎಜೆಡ್ 150 ಅನ್ನುತ್ತಾರೆ, ಬಿಲ್ಲಿನಲ್ಲಿ ಬರೆಸಿ. ಮಾಡಿಗೆ ಸ್ಕ್ರೂ ಉಬ್ಬಿನ ಮೇಲೆ ಹೊಡೆಯುತ್ತಾರೆ, ಗೋಡೆಗೆ ತಗ್ಗಿನಲ್ಲಿ ಹೊಡೆಯಬೇಕು. ಕೆಲಸ ಗಾಳಿ ಬರುವ ದಿಕ್ಕಿಗೆ ವಿರುದ್ಧದ ತುದಿಯಿಂದ ಶುರುವಾಗಬೇಕು, ಆಗ ಒಂದರ ಮೇಲೊಂದು ಬರುವ ಶೀಟಿನ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ. ಗ್ರೈಂಡರಿನಲ್ಲಿ ಕತ್ತರಿಸಬೇಡಿ. ಕಾದ ಕಬ್ಬಿಣದ ಕಿಡಿ ಬಣ್ಣದೊಳಗೆ ಕೂತು ಒಂದೇ ಮಳೆಗೆ ತುಕ್ಕಿನ ಚುಕ್ಕೆ ಏಳುತ್ತದೆ. ಕತ್ತರಿ ಇಲ್ಲವೇ ತಗಡು ಕತ್ತರಿಸುವ ನಿಬ್ಲರ್ ಯಂತ್ರ ಬಳಸಲಿ.

ಅಡಿಕೆ ತೋಟದ ಅಂಚಿನ ಮನೆಗಳಿಗೆ ತಗಡಿನಲ್ಲಿ ಒಂದು ವಿಶೇಷ ಅಪಾಯ ಇದೆ, ಮಾರುವವರು ಇದನ್ನು ಹೇಳುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ತಾಮ್ರದ ನೀರು ಸತು, ಅಲ್ಯೂಮಿನಿಯಂ ಮೇಲೆ ಬಿದ್ದರೆ ಆ ಲೋಹಗಳು ತಾವು ಕರಗಿ ತಾಮ್ರವನ್ನು ಮೇಲೆ ಕೂರಿಸಿಕೊಳ್ಳುತ್ತವೆ. ಗೀರು, ಕತ್ತರಿಸಿದ ಅಂಚು, ಸ್ಕ್ರೂ ತೂತು ಇರುವಲ್ಲಿ ಗುಳಿ ಬೀಳುತ್ತದೆ. ಸಿಂಪಡಿಸಿದ ದಿನವೇ ಶೀಟನ್ನು ನೀರಿನಲ್ಲಿ ತೊಳೆದುಬಿಡಿ. ಮರಕ್ಕೂ ಗೋಡೆಗೂ ಇಪ್ಪತ್ತಡಿ ಅಂತರವಿಲ್ಲದವರು ತಗಡಿನ ಬದಲು ಫೈಬರ್ ಸಿಮೆಂಟ್ ಹಾಕುವುದೇ ವಾಸಿ. ಕೊಟ್ಟಿಗೆಗೆ ತಾಗಿದ ಗೋಡೆಗೂ ಇದೇ ಮಾತು. ಗಂಜಲದ ಅಮೋನಿಯಾ ತಗಡಿಗೆ ಆಗಿಬರುವುದಿಲ್ಲ. ಕರಾವಳಿಯವರಿಗೆ ಉಪ್ಪುಗಾಳಿಯ ಕಾಟ. ಅವರು ಕಬ್ಬಿಣದ ಶೀಟು ಬಿಟ್ಟು ಅಲ್ಯೂಮಿನಿಯಂ ಶೀಟು ಕೇಳಲಿ.

ಮಂಗಳೂರು ಹೆಂಚನ್ನೇ ಗೋಡೆಗೆ ರೀಪು ಹೊಡೆದು ನೇತುಹಾಕುವ ಪದ್ಧತಿಯೂ ಇದೆ, ಹಳೆಯ ಹೆಂಚು ಮನೆಯಲ್ಲೇ ಬಿದ್ದಿದ್ದರೆ ಇದು ಚೆಂದ. ಮಾಡಿನಲ್ಲಿ ತನ್ನ ಭಾರಕ್ಕೇ ಕೂರುವ ಹೆಂಚು ಗೋಡೆಯಲ್ಲಿ ಕೂರದು, ಪ್ರತಿಯೊಂದಕ್ಕೂ ಸ್ಕ್ರೂ ಅಥವಾ ತಂತಿ ಬೇಕು. ಚದರ ಮೀಟರಿಗೆ ಹದಿನೈದು ಹೆಂಚು, ಮೂವತ್ತು–ನಲವತ್ತು ಕೆಜಿ ಭಾರ. ರೀಪು, ಆಂಕರು ಎರಡೂ ಅದಕ್ಕೆ ತಕ್ಕಂತೆ. ಹೊಳಪಿನ ಟೈಲ್, ಕಲ್ಲಿನ ಚಪ್ಪಡಿಗಳನ್ನು ಸಿಮೆಂಟಿನಲ್ಲಿ ಅಂಟಿಸುವುದು ನಿಮ್ಮ ಗೋಡೆಗೆ ಬೇಡವೇ ಬೇಡ. ಅದು ಸಂದಿಯಿಲ್ಲದ ಹೊದಿಕೆ, ಮೇಲಾಗಿ ಹಸಿ ಗೋಡೆಯಿಂದ ಕಳಚಿ ತಲೆಯ ಮೇಲೆ ಬೀಳುವ ಹೊದಿಕೆ.

ಎಚ್‌ಪಿಎಲ್ (ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಹಲಗೆ) ಹೊರಾಂಗಣ ದರ್ಜೆಯದ್ದು ಒಳ್ಳೆಯ ಸಾಮಾನೇ. ಆದರೆ 30 ಅಡಿ ಗೋಡೆಗೆ ಅಲ್ಯೂಮಿನಿಯಂ ಚೌಕಟ್ಟು, ರಿವೆಟ್ಟು, ನುರಿತ ಕೈ ಎಲ್ಲವನ್ನೂ ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಕರೆಸಬೇಕು.

ಫೈಬರ್ ಸಿಮೆಂಟ್ ಹಲಗೆ ಹಾಕುವ ಬಗೆ

ಸಿಮೆಂಟ್, ಮರದ ನಾರು, ಸಿಲಿಕಾ ಸೇರಿಸಿ ಒತ್ತಿ ಹದಮಾಡಿದ ಹಲಗೆ ಇದು. ಗೆದ್ದಲು ತಿನ್ನದು, ಬೆಂಕಿ ಹತ್ತದು, ಕೊಳೆಯದು. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಐಎಸ್ 14862 ಪ್ರಕಾರ ಟೈಪ್ ಎ ಇರಬೇಕು. ಅದು ಬಿಸಿಲು ಮಳೆಗೆ ಒಡ್ಡುವ ದರ್ಜೆ. ಟೈಪ್ ಬಿ ಒಳಾಂಗಣದ್ದು. ಫಾಲ್ಸ್ ಸೀಲಿಂಗಿನ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡನ್ನು ಅದೂ ಇದೂ ಒಂದೇ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಎರಡು, ಕಲ್ನಾರು (ಆಸ್ಬೆಸ್ಟಾಸ್) ಇಲ್ಲದ್ದು ಎಂದು ಬರವಣಿಗೆಯಲ್ಲಿ ಪಡೆಯಿರಿ. ಸಿಮೆಂಟ್ ಶೀಟ್ ಎಂದು ಅಗ್ಗಕ್ಕೆ ಸಿಗುವುದರಲ್ಲಿ ಕಲ್ನಾರು ಇರಬಹುದು, ಅದನ್ನು ಮನೆಯಂಗಳದಲ್ಲಿ ಕತ್ತರಿಸುವುದು ಶ್ವಾಸಕೋಶಕ್ಕೆ ಕೇಡು. ಕಲ್ನಾರಿಲ್ಲದ ಹಲಗೆಯ ಧೂಳಿನಲ್ಲೂ ಸಿಲಿಕಾ ಇದೆ. ಕತ್ತರಿಸುವವರಿಗೆ ಎನ್ 95 ಮಾಸ್ಕ್ ಕೊಡಿ, ಹಲಗೆಯನ್ನು ಒದ್ದೆ ಮಾಡಿಕೊಂಡು ಬಯಲಲ್ಲಿ ಕತ್ತರಿಸಲಿ.

ಲೆಕ್ಕ ಹೀಗೆ. 330 ಚದರಡಿಯಲ್ಲಿ ಕಿಟಕಿ 32 ಕಳೆದರೆ ಹೆಚ್ಚುಕಮ್ಮಿ 300, ಅಂದರೆ 28 ಚದರ ಮೀಟರ್. 200 ಮಿ.ಮೀ. ಅಗಲ, 3 ಮೀಟರ್ ಉದ್ದದ ಹಲಗೆ ಒಂದರ ಮೇಲೊಂದು 35 ಮಿ.ಮೀ. ಏರಿ ಕೂತರೆ ಹೊರಗೆ ಕಾಣುವುದು 165 ಮಿ.ಮೀ. ಒಂದು ಹಲಗೆ ಮುಚ್ಚುವುದು ಅರ್ಧ ಚದರ ಮೀಟರ್‌ಗೆ ತುಸು ಕಮ್ಮಿ. 57 ಹಲಗೆ, ಕತ್ತರಿಸಿ ಹೋಗುವುದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿದರೆ 63. ದಕ್ಷಿಣಕ್ಕೆ ತಿರುಗಿಸುವ ಭಾಗಕ್ಕೆ ಇದೇ ಲೆಕ್ಕದಲ್ಲಿ ಬೇರೆ. ಏರಿಕೆ ಸೇರಿ ಭಾರ ಚದರ ಮೀಟರಿಗೆ 13 ಕೆಜಿಯಷ್ಟು, ಗೋಡೆಗೆ ಇದು ಏನೂ ಅಲ್ಲ.

ಚೌಕಟ್ಟಿಗೆ 50×25 ಮಿ.ಮೀ. ಜಿಐ ಪೈಪು, 2 ಮಿ.ಮೀ. ದಪ್ಪದ್ದು. ಅಗಲದ ಮುಖ ಹೊರಗೆ ಬರುವಂತೆ ಲಂಬವಾಗಿ ನಿಲ್ಲಿಸಿದರೆ ಹಿಂದೆ 25 ಮಿ.ಮೀ. ಸಂದಿ ತಾನಾಗಿ ಸಿಗುತ್ತದೆ. ಹಲಗೆ ಅಡ್ಡ, ಆದ್ದರಿಂದ ಪೈಪು ಉದ್ದ ನಿಲ್ಲಬೇಕು. ಅಡ್ಡ ಹೊಡೆದರೆ ಪ್ರತಿ ಪೈಪಿನ ಮೇಲೂ ನೀರು ನಿಲ್ಲುತ್ತದೆ, ಗಾಳಿಯೂ ಏರುವುದಿಲ್ಲ. (ಶೀಟು ಹಾಕುವವರು ಅಡ್ಡ ಪಟ್ಟಿ ಕೊಡಲೇಬೇಕು; ಅವರು ಮೊದಲು ಲಂಬದ ತುಂಡುಗಳನ್ನು ಕೊಟ್ಟು ಅದರ ಮೇಲೆ ಅಡ್ಡ ಹೊಡೆಯಲಿ.) ಪೈಪಿನಿಂದ ಪೈಪಿಗೆ 500 ಮಿ.ಮೀ. ಇಡಿ. ವೆಲ್ಡರುಗಳಿಗೆ 400 ರೂಢಿ, ಹತ್ತಿರ ಇಟ್ಟರೆ ಗಟ್ಟಿ ತಾನೇ ಅನ್ನುತ್ತಾರೆ. ಆದರೆ 3 ಮೀಟರ್ ಹಲಗೆಯ ತುದಿ 400ರ ಲೆಕ್ಕಕ್ಕೆ ಎರಡು ಪೈಪುಗಳ ನಡುವೆ ಗಾಳಿಯಲ್ಲಿ ನಿಲ್ಲುತ್ತದೆ. ಆಮೇಲೆ ಪ್ರತಿ ಹಲಗೆಯನ್ನೂ ಕತ್ತರಿಸಬೇಕು. 500 ಇಟ್ಟರೆ ಆರು ಅಂತರಕ್ಕೆ ಸರಿಯಾಗಿ ಪೈಪಿನ ಮೇಲೆ ಕೂರುತ್ತದೆ. ಗೋಡೆಯ ಉದ್ದಕ್ಕೆ 20 ಪೈಪು, ಕಿಟಕಿಗಳ ಪಕ್ಕಕ್ಕೆ ನಾಲ್ಕು, ತಲಾ 3.2 ಮೀಟರ್, ಒಟ್ಟು 77 ಮೀಟರ್. ಪೈಪಿನ ಮೇಲುತುದಿ ಮುಚ್ಚಿ, ಕೆಳತುದಿ ತೆರೆದಿಡಿ. ಇಲ್ಲದಿದ್ದರೆ ಒಳಗೆ ನೀರು ನಿಂತು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕತ್ತರಿಸಿದ, ವೆಲ್ಡ್ ಮಾಡಿದ, ತೂತು ಕೊರೆದ ಜಾಗಕ್ಕೆಲ್ಲ ಸತು ಹೆಚ್ಚಿರುವ ಪ್ರೈಮರ್ ಎರಡು ಕೈ ಬಳಿಯಲಿ.

ಜಂಬಿಟ್ಟಿಗೆಯಲ್ಲಿ ಹಿಗ್ಗುವ ಕಬ್ಬಿಣದ ಬೋಲ್ಟು ಬೇಡ, ಮೆತ್ತನೆಯ ಕಲ್ಲು ಒಡೆದು ಬಾಯಿಬಿಡುತ್ತದೆ. ಉದ್ದನೆಯ ನೈಲಾನ್ ಫ್ರೇಮ್ ಆಂಕರ್ ತರಿಸಿ. ಪ್ಲಾಸ್ಟರ್ ಬಿಟ್ಟು ಕಲ್ಲಿನೊಳಗೇ 70 ಮಿ.ಮೀ. ಹೋಗಬೇಕು, ಎರಡು ಆಂಕರಿನ ನಡುವೆ 600 ಮಿ.ಮೀ. ಸುಮಾರು 150 ಬೇಕಾಗುತ್ತದೆ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಕೊರೆದರೆ ತೂತು ಅಗಲವಾಗುವುದಿಲ್ಲ. ಮೊದಲ ಎರಡು ಮೂರು ಆಂಕರುಗಳನ್ನು ಸುತ್ತಿಗೆಯ ಹಿಂಬಾಯಿಯಿಂದ ಎಳೆದು ನೋಡಲಿ. ಕಲ್ಲಿನೊಳಗೆ ಪೊಳ್ಳು ಸಿಕ್ಕಿದರೆ ನಾಲ್ಕು ಇಂಚು ಮೇಲೋ ಕೆಳಗೋ ಸರಿಯಬೇಕು.

ಅದಕ್ಕೂ ಮೊದಲು ಹಳೆಯ ವಾಟರ್‌ಪ್ರೂಫ್ ಪೇಂಟನ್ನು ಕೆರೆದು ತೆಗೆಸಿ. ಈ ಕೆಲಸವನ್ನು ಎಲ್ಲರೂ ಬಿಡುತ್ತಾರೆ, ಹೇಗೂ ಮುಚ್ಚಿಹೋಗುತ್ತದಲ್ಲ ಎಂದು. ಅದು ಇದ್ದರೆ ಗೋಡೆ ಸಂದಿಯ ಕಡೆಗೆ ಒಣಗುವುದಿಲ್ಲ. ಟೊಳ್ಳು ಸದ್ದು ಬರುವ ಪ್ಲಾಸ್ಟರ್ ಕಿತ್ತು 1:4 ಗಾರೆಯಲ್ಲಿ ಮುಚ್ಚಿ. ಹೊದಿಕೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು ಬೇಡ.

ಹಲಗೆ ಅಂಗಳದಿಂದ ಕನಿಷ್ಠ 200 ಮಿ.ಮೀ. ಮೇಲೆ ಶುರುವಾಗಲಿ. ಮಣ್ಣಿಗೆ ತಾಗಿದರೆ ತಳದ ಹಲಗೆ ನೀರು ಕುಡಿದು ಪದರ ಬಿಡುತ್ತದೆ, ಗೆದ್ದಲು ಹಿಂದಿನಿಂದ ದಾರಿ ಮಾಡಿಕೊಂಡು ಕಿಟಕಿ ಮರ ಸೇರುತ್ತದೆ. ಬುಡದಲ್ಲಿ ಎರಡಡಿ ಅಗಲಕ್ಕೆ ಜಲ್ಲಿ ಹಾಸಿದರೆ ಸೂರಿನ ನೀರು ಬಿದ್ದು ಸಿಡಿಯುವುದು ಕಮ್ಮಿ. ಅಂಗಳ ಮೂರಡಿಗೆ ಎರಡು ಇಂಚು ಹೊರಕ್ಕೆ ಇಳಿಯಲಿ. ತಳದಲ್ಲಿ ಮೊದಲು ಒಂದೂವರೆ ಇಂಚು ಅಗಲದ ಹಲಗೆಯ ಸೀಳೊಂದನ್ನು ಹೊಡೆಯಬೇಕು, ಆಗ ಮೊದಲ ಹಲಗೆಯೂ ಮೇಲಿನವುಗಳ ಓರೆಗೇ ಕೂರುತ್ತದೆ. ಸ್ಕ್ರೂ ಮೇಲಂಚಿನಿಂದ 20–25 ಮಿ.ಮೀ. ಕೆಳಗೆ, ಪ್ರತಿ ಪೈಪಿಗೆ ಒಂದು. ಮುಂದಿನ ಹಲಗೆ ಅದನ್ನು ಮುಚ್ಚುತ್ತದೆ. 500 ಸ್ಕ್ರೂ ತರಿಸಿ. ಗುಡ್ಡದ ನೆತ್ತಿಯ ಮನೆಗೆ, ಮಹಡಿ ಮನೆಗೆ ಕೆಳಂಚಿಗೂ ಒಂದೊಂದು ಸ್ಕ್ರೂ ಬೇಕು, ಇಲ್ಲದಿದ್ದರೆ ಗಾಳಿಗೆ ಹಲಗೆ ಪಟಪಟ ಬಡಿದು ತೂತಿನ ಹತ್ತಿರ ಸೀಳುತ್ತದೆ. ತುದಿಯ ಸ್ಕ್ರೂಗಳಿಗೆ ಮೊದಲೇ ತೂತು ಕೊರೆದುಕೊಳ್ಳಬೇಕು.

ಎರಡು ಹಲಗೆಯ ತುದಿಗಳ ನಡುವೆ 3 ಮಿ.ಮೀ. ಬಿಡಿ. ಆ ಸಂದಿಯ ಹಿಂದೆ ಆರು ಇಂಚು ಅಗಲದ ಕಲರ್ ಶೀಟಿನ ತುಂಡು ಇಟ್ಟು, ಅದರ ಕೆಳಂಚು ಕೆಳಗಿನ ಹಲಗೆಯ ಮೇಲೆ ಬರುವಂತೆ ಮಾಡಿದರೆ ಒಳಹೋದ ನೀರು ಮತ್ತೆ ಹೊರಗೇ ಬೀಳುತ್ತದೆ. ಸೀಲೆಂಟು ಎರಡನೇ ಕಾವಲು ಮಾತ್ರ. ಕತ್ತರಿಸಿದ ಪ್ರತಿ ಅಂಚಿಗೂ ಕೂರಿಸುವ ಮೊದಲೇ ಪ್ರೈಮರ್ ಬಳಿಯಬೇಕು. ಹಲಗೆ ಹಾಳಾಗುವುದು ಯಾವಾಗಲೂ ಬರಿಯ ಅಂಚಿನಿಂದ.

ಕಿಟಕಿಯೇ ಇಡೀ ಕೆಲಸದ ಪರೀಕ್ಷೆ. ಪೈಪು, ಹಲಗೆ, ಏರಿಕೆ ಸೇರಿ ಗೋಡೆಯ ಮುಖ ಒಂದೂಮುಕ್ಕಾಲು ಇಂಚು ಮುಂದೆ ಬರುತ್ತದೆ. ಈಗ ನಿಮ್ಮ ಕಿಟಕಿಯ ಕೆಳಹಾಸು ಗೋಡೆಯಿಂದ ಎರಡು ಇಂಚು ಚಾಚಿದ್ದರೆ, ಹೊದಿಕೆ ಬಂದ ಮೇಲೆ ಉಳಿಯುವುದು ಕಾಲು ಇಂಚು. ಹಾಸಿನ ನೀರೆಲ್ಲ ಹಲಗೆಯ ಹಿಂದೆ ಸುರಿಯುತ್ತದೆ. ಹೊಸ ಗ್ರಾನೈಟ್ ಹಾಸು ಕೊಡಿಸಿ: ಹೊಸ ಮುಖದಿಂದ ಒಂದೂವರೆ ಇಂಚು ಮುಂದೆ, ಹೊರಕ್ಕೆ ಇಳಿಜಾರು, ತಳದಲ್ಲಿ ನೀರು ಕಡಿಯುವ ಗೆರೆ. ಕಿಟಕಿಯ ನೆತ್ತಿಗೆ ಕಲರ್ ಶೀಟನ್ನು ಬಾಗಿಸಿ ಫ್ಲ್ಯಾಶಿಂಗ್ ಮಾಡಿಸಿ, ಎರಡು ಇಂಚು ಹಲಗೆಯ ಹಿಂದೆ ಏರಲಿ, ಮುಂದೆ ತುಸು ಬಾಗಿ ನಿಲ್ಲಲಿ. ಅದರ ಮೇಲಿನ ಹಲಗೆ 6 ಮಿ.ಮೀ. ಎತ್ತರದಲ್ಲಿರಬೇಕು. ಆ 6 ಮಿ.ಮೀ. ನೋಡಿದ ಕೂಡಲೇ ಕೆಲಸದವರು ಸಿಲಿಕಾನ್ ಗನ್ ಎತ್ತಿಕೊಳ್ಳುತ್ತಾರೆ. ಬಿಡಬೇಡಿ, ಅದು ನೀರು ಹೊರಬರುವ ದಾರಿ. ಕಿಟಕಿಯ ಎಡಬಲಗಳಿಗೆ ಮಾತ್ರ ಪಿಯು (ಪಾಲಿಯುರೆಥೇನ್) ಸೀಲೆಂಟ್ ತುಂಬಲಿ. ಅದರ ಮೇಲೆ ಬಣ್ಣ ಕೂರುತ್ತದೆ, ಸಾಧಾರಣ ಸಿಲಿಕಾನಿನ ಮೇಲೆ ಕೂರುವುದಿಲ್ಲ.

ಸಂದಿಯ ತಳಕ್ಕೂ ತಲೆಗೂ 3 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಕಟ್ಟಬೇಕು. ಸೂರಿನ ಕೆಳಗೆ 20 ಮಿ.ಮೀ. ತೆರೆದಿರಲಿ, ಅಲ್ಲಿಂದಲೇ ಗಾಳಿ ಹೊರಹೋಗುವುದು. ಜಾಲರಿ ಮರೆತರೆ ಒಂದೇ ವರ್ಷದಲ್ಲಿ ಇಲಿ, ಕಣಜ, ಬಾವಲಿ ಬಿಡಾರ ಹೂಡುತ್ತವೆ; ಇಲಿಯ ಹಿಂದೆ ಹಾವು. ಬಚ್ಚಲ ಹೊಗೆಕೊಳವೆ ಈ ಗೋಡೆಯಲ್ಲಿದ್ದರೆ ಅದರ ಸುತ್ತ ಒಂದಡಿ ಹಲಗೆಯನ್ನೂ ಪೈಪನ್ನೂ ಬಿಟ್ಟು ತಗಡಿನ ಕೊರಳು ಹಾಕಿಸಿ.

ಬಣ್ಣಕ್ಕೆ ಹೊರಾಂಗಣದ ಅಕ್ರಿಲಿಕ್ ಎಮಲ್ಷನ್, ಎರಡು ಕೋಟ್‌ಗೆ ಏಳೆಂಟು ಲೀಟರ್. ಒಂದು ಕೋಟ್ ನೆಲದ ಮೇಲಿಟ್ಟೇ ಹೊಡೆದರೆ ಏರಿಕೆಯ ಒಳಗೂ ಬಣ್ಣ ಇರುತ್ತದೆ. ತಿಳಿ ಬಣ್ಣ ಆರಿಸಿ, ಪಶ್ಚಿಮದ ಬಿಸಿಲಿಗೆ ಕೋಣೆಯೂ ಕಾಯುವುದಿಲ್ಲ. ಹಾವಸೆ ಕಟ್ಟಿದರೆ ತೆಳು ಮಾಡಿದ ಬ್ಲೀಚಿಂಗ್ ನೀರು ಬಳಿದು ಹದಿನೈದು ನಿಮಿಷ ಬಿಟ್ಟು ತೊಳೆಯಿರಿ; ಪ್ರೆಷರ್ ಗನ್ ಕೆಳಗಿನಿಂದ ಮೇಲಕ್ಕೆ ಹಿಡಿಯಬಾರದು, ಏರಿಕೆಯೊಳಗೆ ನೀರು ನುಗ್ಗುತ್ತದೆ.

ಕೆಲಸಕ್ಕೆ ಡಿಸೆಂಬರ್‌ನಿಂದ ಏಪ್ರಿಲ್ ಹೊತ್ತು. ಒಳಗೋಡೆಗೆ ಕೂಡಲೇ ಬಣ್ಣ ಹೊಡೆಸಬೇಡಿ. ಒಂಬತ್ತು ವರ್ಷದ ತೇವ ಹೊರಬರಲು ಒಂದು ಪೂರ್ತಿ ಬೇಸಿಗೆ ಬೇಕು, ಉಪ್ಪು ಕಂಡರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ನೀರು ಹಾಕಬೇಡಿ.

ದರ ಕೇಳುವಾಗ ಹಲಗೆಗೆ ಚದರಡಿಗೆ ಎಷ್ಟು ಎಂದು ಕೇಳಿದರೆ ಉತ್ತರ ಕಡಿಮೆಯೇ ಬರುತ್ತದೆ. ಪೈಪು, ಆಂಕರು, ಫ್ಲ್ಯಾಶಿಂಗ್, ಜಾಲರಿ, ಕಿಟಕಿ ಹಾಸು, ಸಾರುವೆ, ಬಣ್ಣ ಎಲ್ಲ ಸೇರಿ ಎಷ್ಟು ಎಂದು ಬರೆಸಿ. ಎರಡು ಕೊಟೇಷನ್ ಹೋಲಿಸಬೇಕಾದದ್ದು ಆ ಮೊತ್ತವನ್ನು. ಹಣದ ಕೊನೆಯ ಕಂತನ್ನು ಕಿಟಕಿಯ ಮೇಲೆ ಪೈಪಿನಲ್ಲಿ ಅರ್ಧ ಗಂಟೆ ನೀರು ಬಿಟ್ಟು ನೋಡಿದ ಮೇಲೆ ಕೊಡಿ. ಆಗ ಹಲಗೆಯ ತಳದ ಜಾಲರಿಯಿಂದ ಒಂದಿಷ್ಟು ನೀರು ತೊಟ್ಟಿಕ್ಕಿದರೆ ಅದು ದೋಷವಲ್ಲ, ಸಂದಿ ತನ್ನ ಕೆಲಸ ಮಾಡುತ್ತಿದೆ. ಕಿಟಕಿಯ ಒಳಮೂಲೆಯಲ್ಲಿ ಕಂಡರೆ ನೆತ್ತಿಯ ಫ್ಲ್ಯಾಶಿಂಗ್ ಬಿಚ್ಚಿಸಿ, ಹಲಗೆಯ ಹಿಂದೆ ಎರಡು ಇಂಚು ಏರಿದೆಯೇ ಎಂದು ಮೊದಲು ನೋಡಿ.